ಉಗುರಿನ ಶಿಲೀಂಧ್ರ ಸೋಂಕು: ಕಾರಣ ಪತ್ತೆಯ ಇತಿಹಾಸ ಮತ್ತು ಸಿಂಧನೂರು–ಲಿಂಗಸುಗೂರು–ಮಸ್ಕಿ ಸೀಮೆ

ಉಗುರಿನ ಶಿಲೀಂಧ್ರ ಸೋಂಕು: ಕೈಕಾಲಿನ ಉಗುರಿನೊಳಗೆ ಸೂಕ್ಷ್ಮವಾದ ಬೂಷ್ಟು ಸೇರಿಕೊಂಡು ಬೆಳೆಯುವುದರಿಂದ ಬರುವ ರೋಗ. ಉಗುರು ಹೊಳಪು ಕಳೆದುಕೊಂಡು ದಪ್ಪವಾಗುತ್ತದೆ, ಹಳದಿ ಇಲ್ಲವೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅಡಿಯಲ್ಲಿ ಹಿಟ್ಟಿನಂಥ ಪುಡಿ ಕೂಡಿ ಕ್ರಮೇಣ ಬೆರಳಿನಿಂದ ಬಿಟ್ಟು ಮೇಲೇಳುತ್ತದೆ. ವೈದ್ಯರು ಇದನ್ನು ಒನಿಕೋಮೈಕೋಸಿಸ್ ಎನ್ನುತ್ತಾರೆ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಜನ ಉಗುರು ಕೆಟ್ಟಿದೆ, ಉಗುರು ಸತ್ತಿದೆ ಎಂದಷ್ಟೇ ಹೇಳಿ ಸುಮ್ಮನಾಗುವ ತೊಂದರೆಗಳಲ್ಲಿ ಇದೂ ಒಂದು. ಆದರೆ ಕೆಟ್ಟ ಉಗುರೆಲ್ಲ ಬೂಷ್ಟಿನಿಂದ ಕೆಟ್ಟದ್ದಲ್ಲ. ವಿಕಾರಗೊಂಡ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಶಿಲೀಂಧ್ರದಿಂದ ಆದವು ಎಂದು ಚರ್ಮವೈದ್ಯಶಾಸ್ತ್ರ ಲೆಕ್ಕ ಹಾಕುತ್ತದೆ. ಉಳಿದವು ಪೆಟ್ಟು, ಸೋರಿಯಾಸಿಸ್, ಕುಷ್ಠ, ವಿಷಪದಾರ್ಥ, ವಯಸ್ಸು ಮುಂತಾದವುಗಳ ಫಲ. ನೋಡಿದ ಮಾತ್ರಕ್ಕೆ ಇಂಥದ್ದೇ ಎಂದು ಹೇಳಲಾಗದ ಕಾರಣ, ಈ ರೋಗದ ಇತಿಹಾಸ ಬಹುಮಟ್ಟಿಗೆ ಅದರ ಪತ್ತೆಯ ಇತಿಹಾಸವೇ ಆಗಿದೆ.

ಸೀಮೆಯ ನೆಲ, ನೀರು, ಕೆಲಸ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳು ಮೂಲತಃ ಒಣಬೇಸಾಯದ ನಾಡು. ಜೋಳ, ಸಜ್ಜೆ, ಹತ್ತಿ, ಶೇಂಗಾ ಬೆಳೆಯುತ್ತಿದ್ದ ಎರೆಭೂಮಿಗೆ, 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ, ಎಡದಂಡೆ ಕಾಲುವೆಯ ನೀರು ಹರಿಯಿತು. ಸಿಂಧನೂರು ಭತ್ತದ ಕಣಜವೆನಿಸಿತು. ಆಂಧ್ರದಿಂದ ಬಂದ ಬೇಸಾಯಗಾರರು ಕಟ್ಟಿಕೊಂಡ ಕ್ಯಾಂಪುಗಳು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ಈ ಕಾಲುವೆಯ ಬದಿಯಲ್ಲೇ ಎದ್ದವು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ಇತ್ತೀಚೆಗೆ ಮಾಡಿದ ಮಸ್ಕಿ ತಾಲ್ಲೂಕಿನಲ್ಲಿ ಒಂದು ಕಡೆ ನೀರಾವರಿ, ಇನ್ನೊಂದು ಕಡೆ ಮಳೆ ನಂಬಿದ ಹೊಲ. ಲಿಂಗಸುಗೂರು ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರಿನ ಜೊತೆಗೆ ಹಟ್ಟಿಯ ಚಿನ್ನದ ಗಣಿಯೂ ಇದೆ.

ಉಗುರಿನ ಮಟ್ಟಿಗೆ ಇದು ಮೂರು ಬಗೆಯ ಬದುಕು. ಭತ್ತದ ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ದಿನವಿಡೀ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿರುತ್ತಾರೆ; ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಬೆರಳು ಸಸಿಯನ್ನು ಕೆಸರಿಗೆ ಒತ್ತುತ್ತಿರುತ್ತದೆ. ಪ್ರತಿ ಸಸಿಗೂ ಉಗುರಿನ ಬುಡದ ಪೊರೆಗೆ ಕೆಸರು ತಾಗಿ, ಆ ಪೊರೆ ನೀರು ಕುಡಿದು ಮೆತ್ತಗಾಗಿ ಉಗುರಿನಿಂದ ಬಿಟ್ಟುಕೊಳ್ಳುತ್ತದೆ. ಕಾಲಿನ ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಕೆಸರುಹುಣ್ಣು ಏಳುತ್ತದೆ. ಗಣಿಯಲ್ಲಿ ಬೇರೆ ತೊಂದರೆ: ನೆಲದಾಳದ ಸೆಕೆ, ಕೆಳಗೆ ನಿಂತ ನೀರು, ಪಾಳಿ ಮುಗಿಯುವವರೆಗೂ ಕಾಲಿನಲ್ಲೇ ಇರುವ ಗಮ್‌ಬೂಟು. ಗಣಿ ಕಾರ್ಮಿಕರ ಕಾಲಿನ ಹುಳಕಡ್ಡಿ ಅವರ ವೃತ್ತಿಗೇ ಅಂಟಿದ ರೋಗವೆಂಬುದು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1950ರ ದಶಕದಲ್ಲೇ ಗಮನಕ್ಕೆ ಬಂದಿತ್ತು. ಒಣಹೊಲದಲ್ಲಿ ಬರಿಗಾಲಿನಲ್ಲೋ ಹರಿದ ಚಪ್ಪಲಿಯಲ್ಲೋ ನಡೆಯುವವರಿಗೆ ಕಲ್ಲು, ಕೂಳೆ, ಕುಂಟೆಯ ಪೆಟ್ಟು. ಪೆಟ್ಟಿನಿಂದ ಬಿರಿದ ಉಗುರು ಮಣ್ಣಿನಲ್ಲಿರುವ ಬೂಷ್ಟಿಗೆ ಸುಲಭದ ಬಾಗಿಲು.

ಹಳೆಯ ತಿಳಿವಳಿಕೆ

ಉಗುರಿನ ರೋಗಗಳನ್ನು ಭಾರತೀಯ ವೈದ್ಯಪದ್ಧತಿ ಬಹು ಹಿಂದೆಯೇ ಬೇರೆ ಮಾಡಿ ನೋಡಿತ್ತು. ಸುಶ್ರುತ ಸಂಹಿತೆ ನಿದಾನಸ್ಥಾನದ ಕ್ಷುದ್ರರೋಗಗಳ ಭಾಗದಲ್ಲಿ ಎರಡನ್ನು ಹೇಳುತ್ತದೆ. ಒಂದು ಚಿಪ್ಪ: ಉಗುರಿನ ಸುತ್ತಿನ ಮಾಂಸ ಊದಿ, ಉರಿದು, ಕೀವಾಗುವಂಥದ್ದು. ಇನ್ನೊಂದು ಕುನಖ: ಪೆಟ್ಟು ಬಿದ್ದು ಉಗುರು ಒರಟಾಗಿ ಕಪ್ಪಾಗುವಂಥದ್ದು. ಈ ವಿಂಗಡಣೆಯ ಸೂಕ್ಷ್ಮ ಇಂದಿಗೂ ಮೆಚ್ಚುವಂಥದ್ದು. ನೋವಿನಿಂದ ಕೂಡಿದ ಬೇನೆ ಬೇರೆ, ನೋವಿಲ್ಲದೆ ಉಗುರೇ ರೂಪ ಕೆಡುವುದು ಬೇರೆ ಎಂಬ ಅರಿವು ಅದರಲ್ಲಿದೆ. ಕುನಖಕ್ಕೆ ಪೆಟ್ಟನ್ನು ಕಾರಣವೆಂದು ಹೇಳಿರುವುದು ಹೊಲದಲ್ಲಿ ದುಡಿಯುವವರ ಕಾಲನ್ನು ನೋಡಿದ ಯಾರಿಗೂ ಒಪ್ಪಿಗೆಯಾಗುವ ಮಾತು.

ಮನೆಮದ್ದಿನಲ್ಲಿ ನೋವು ಕೊಡುವ ಉಗುರುಸುತ್ತಿಗೇ ಹೆಚ್ಚು ಗಮನ ಸಿಕ್ಕಿದೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದು, ಸುಣ್ಣ ಅರಿಸಿನ ಕಲಸಿ ಹಚ್ಚುವುದು, ಗೋರಂಟಿ ಮೆತ್ತುವುದು ಕನ್ನಡ ನಾಡಿನ ಎಲ್ಲ ಕಡೆ ಗೊತ್ತಿರುವ ಉಪಾಯಗಳು. ಉಗುರುಸುತ್ತು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ಬರುತ್ತದೆ. ಎರಡು ಮೂರು ದಿನದಲ್ಲಿ ಬಾತು, ರಾತ್ರಿ ನಿದ್ದೆ ಕೆಡಿಸುವಷ್ಟು ಸಿಡಿಯುತ್ತದೆ. ಬೂಷ್ಟು ಹಾಗಲ್ಲ. ವರ್ಷಗಟ್ಟಲೆ ನೋವೇ ಇಲ್ಲದೆ ಹರಡುತ್ತದೆ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾರದವರು ಅದನ್ನು ಕಡೆಗಣಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸೂಕ್ಷ್ಮದರ್ಶಕದ ಕಾಲ

ಬೂಷ್ಟು ರೋಗ ತರಬಲ್ಲದು ಎಂಬುದು ಮೊದಲು ಸಾಬೀತಾದದ್ದು ರೇಷ್ಮೆಹುಳುವಿನಲ್ಲಿ. ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ತೋರಿಸಿದ. ಬ್ಯಾಕ್ಟೀರಿಯಾಗಳಿಂದ ರೋಗ ಬರುತ್ತದೆಂಬುದು ಸ್ಥಾಪಿತವಾಗುವ ಮೊದಲೇ ಶಿಲೀಂಧ್ರದ ಪಾತ್ರ ಹೀಗೆ ಬೆಳಕಿಗೆ ಬಂದಿತ್ತು. 1837ರಲ್ಲಿ ರಾಬರ್ಟ್ ರೆಮಾಕ್ ತಲೆಯ ಚರ್ಮದ ಫೇವಸ್ ಎಂಬ ಹುಳಕಡ್ಡಿಯ ಹೊಪ್ಪಳೆಯಲ್ಲಿ ಎಳೆಗಳನ್ನು ಕಂಡ. ಮುಂದೆ ತನ್ನ ತೋಳಿಗೇ ಅದನ್ನು ಅಂಟಿಸಿಕೊಂಡು ಪರೀಕ್ಷಿಸಿದ. ಪ್ಯಾರಿಸಿನಲ್ಲಿದ್ದ ಹಂಗೇರಿಯ ಡೇವಿಡ್ ಗ್ರೂಬಿ 1841ರಿಂದ 1844ರವರೆಗೆ ಕೂದಲು ಚರ್ಮಗಳ ಬೂಷ್ಟುಗಳನ್ನು ಒಂದೊಂದಾಗಿ ವರ್ಣಿಸಿದ. ಉಗುರಿನ ಸರದಿ ಬಂದದ್ದು 1853ರಲ್ಲಿ. ಜರ್ಮನಿಯ ಗೆಯೊರ್ಗ್ ಮೈಸ್ನರ್ ಆಗಿನ್ನೂ ವೈದ್ಯ ವಿದ್ಯಾರ್ಥಿ. ಸ್ಪರ್ಶದ ನರತುದಿಗಳಿಗೆ ಇಂದು ಅಂಟಿರುವ ಹೆಸರು ಇದೇ ಮೈಸ್ನರನದು. ಉಗುರಿನ ತುಣುಕಿನೊಳಗೆ ಹರಿದಾಡಿದ ಬೂಷ್ಟಿನ ಎಳೆಗಳನ್ನು ಮೊದಲು ದಾಖಲಿಸಿದ ಕೀರ್ತಿಯೂ ಅವನಿಗೇ ಸಲ್ಲುತ್ತದೆ.

ಈ ಅರಿವು ಭಾರತಕ್ಕೆ ಬಂದದ್ದು ಉಗುರಿನ ಮೂಲಕವಲ್ಲ, ಪಾದದ ಮೂಲಕ. ಬರಿಗಾಲಿನ ರೈತರ ಪಾದ ಊದಿ ತೂತುಬೀಳುವ ರೋಗವನ್ನು 1842ರಲ್ಲಿ ಮದುರೆಯ ಜಾನ್ ಗಿಲ್ ವರದಿ ಮಾಡಿದ್ದ. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್ 1860ರ ಸುಮಾರಿನಲ್ಲಿ ಅದಕ್ಕೆ ಶಿಲೀಂಧ್ರವೇ ಕಾರಣವೆಂದು ವಾದಿಸಿ ಮೈಸಿಟೋಮ ಎಂಬ ಹೆಸರಿಟ್ಟ. 1874ರಲ್ಲಿ ಆ ಬಗ್ಗೆ ಗ್ರಂಥವನ್ನೇ ಹೊರತಂದ. ಮಣ್ಣಿನ ಬೂಷ್ಟು ಬರಿಗಾಲಿನ ದುಡಿಮೆಗಾರನನ್ನು ಹೇಗೆ ಹಿಡಿಯುತ್ತದೆ ಎಂಬ ಪ್ರಶ್ನೆ ಈ ದೇಶದಲ್ಲಿ ಕೇಳಿಬಂದದ್ದು ಹೀಗೆ. ಉಗುರಿನ ಕೆಲವು ಸೋಂಕುಗಳಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ.

ಎಳೆ ಕಂಡರಷ್ಟೇ ಸಾಲದು, ಯಾವ ಜಾತಿಯ ಬೂಷ್ಟು ಎಂದು ಹೇಳಬೇಕಲ್ಲ. ಅದಕ್ಕೆ ಬೂಷ್ಟನ್ನು ಗಾಜಿನ ನಳಿಗೆಯಲ್ಲಿ ಬೆಳೆಸಬೇಕಾಯಿತು. ಪ್ಯಾರಿಸಿನ ರೇಮಂಡ್ ಸಾಬುರೋ (1864–1938) ಪೆಪ್ಟೋನು ಮತ್ತು ಸಕ್ಕರೆ ಬೆರೆಸಿದ, ತುಸು ಹುಳಿಗುಣದ ಅಗರ್ ಮಾಧ್ಯಮವನ್ನು ರೂಪಿಸಿ, ಗ್ರೂಬಿಯ ಮರೆತುಹೋಗಿದ್ದ ಕೆಲಸವನ್ನು ಮತ್ತೆ ಎತ್ತಿಹಿಡಿದು, 1910ರಲ್ಲಿ ಹುಳಕಡ್ಡಿ ರೋಗಗಳ ಮಹಾಗ್ರಂಥ ಪ್ರಕಟಿಸಿದ. ಇವತ್ತಿಗೂ ಮೈಕ್ರೋಬಯಾಲಜಿ ವಿಭಾಗಗಳಲ್ಲಿ ಬೂಷ್ಟು ಬೆಳೆಸುವ ಮಾಧ್ಯಮಕ್ಕೆ ಸಾಬುರೋ ಹೆಸರೇ. ಅದೇ 1910ರಲ್ಲಿ, ಕೊಲಂಬೊದಲ್ಲಿ ಕೆಲಸ ಮಾಡುತ್ತಿದ್ದ ಆಲ್ಡೋ ಕ್ಯಾಸ್ಟೆಲ್ಲಾನಿ, ಬೆಳೆಸಿದಾಗ ಅಡಿಯಲ್ಲಿ ಕೆಂಪು ಬಣ್ಣ ಬಿಡುವ ಬೂಷ್ಟೊಂದನ್ನು ವರ್ಣಿಸಿದ. ಈಗ ಟ್ರೈಕೋಫೈಟಾನ್ ರುಬ್ರಮ್ ಎನ್ನುವುದು ಅದನ್ನೇ. ಜಗತ್ತಿನ ಉಗುರು ಸೋಂಕುಗಳಲ್ಲಿ ಅತಿ ಹೆಚ್ಚು ಸಿಗುವ ಬೂಷ್ಟು ಇದು. ಆಗ್ನೇಯ ಏಷ್ಯಾದಲ್ಲಿ ಬರಿಮೈ ಬರಿಗಾಲಿನ ಜನರ ಚರ್ಮದ ಮೇಲಿದ್ದ ಇದು, ಸಿಪಾಯಿಗಳ ಮತ್ತು ಪ್ರಯಾಣಿಕರ ಬೂಟಿನೊಳಗೆ ಸೇರಿ ಕಾಲುಬೆರಳಿಗೂ ಉಗುರಿಗೂ ಇಳಿದು ಜಗತ್ತು ಸುತ್ತಿತು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಗಿದೆ. 1934ರಲ್ಲಿ ಅಮೆರಿಕದ ಚೆಸ್ಟರ್ ಎಮನ್ಸ್ ಗೊಂದಲವಾಗಿದ್ದ ಹೆಸರುಗಳನ್ನು ಟ್ರೈಕೋಫೈಟಾನ್, ಮೈಕ್ರೋಸ್ಪೋರಮ್, ಎಪಿಡರ್ಮೋಫೈಟಾನ್ ಎಂಬ ಮೂರು ಕುಲಗಳಿಗೆ ತಂದು ನಿಲ್ಲಿಸಿದ.

ಮದ್ದು ಬಂದ ಮೇಲೆ

1958ರವರೆಗೆ ಪತ್ತೆಯಿಂದ ರೋಗಿಗೆ ಹೆಚ್ಚಿನ ಪ್ರಯೋಜನವಿರಲಿಲ್ಲ. ಉಗುರನ್ನು ಕಿತ್ತು ಹಾಕುವುದೇ ದೊಡ್ಡ ಚಿಕಿತ್ಸೆ. ಆ ವರ್ಷ ಸ್ಕಾಟ್‌ಲೆಂಡಿನ ಜೆ. ಸಿ. ಜೆಂಟಲ್ಸ್, ಗಿನಿಹಂದಿಗಳಿಗೆ ಬಾಯಿಯ ಮೂಲಕ ಗ್ರೈಸಿಯೋಫುಲ್ವಿನ್ ಎಂಬ ಬೂಷ್ಟುನಾಶಕ ಕೊಟ್ಟು ಹುಳಕಡ್ಡಿ ವಾಸಿಯಾಗುವುದನ್ನು ತೋರಿಸಿದ. ಮಾತ್ರೆಯಿಂದ ಉಗುರು ವಾಸಿಯಾಗಬಲ್ಲದು ಎಂದಾದ ಕೂಡಲೇ ಪತ್ತೆಯ ಬೆಲೆ ಏರಿತು. 1990ರ ದಶಕದಲ್ಲಿ ಟರ್ಬಿನಾಫಿನ್, ಇಟ್ರಾಕೊನಜೋಲ್ ಬಂದವು. ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಟರ್ಬಿನಾಫಿನ್ ನುಂಗಬೇಕು. ಯಕೃತ್ತಿನ ಮೇಲೆ ಕಣ್ಣಿಡಬೇಕು. ಹುಳಕಡ್ಡಿ ಗುಂಪಿನ ಬೂಷ್ಟಿಗೆ ಅದು ಚೆನ್ನಾಗಿ ನಾಟುತ್ತದೆ, ಕ್ಯಾಂಡಿಡಾ ಎಂಬ ಯೀಸ್ಟಿಗೂ ಮಣ್ಣಿನ ಬೂಷ್ಟುಗಳಿಗೂ ಅಷ್ಟಾಗಿ ನಾಟುವುದಿಲ್ಲ. ಸೋರಿಯಾಸಿಸ್ ಉಗುರಿಗೆ ಏನೂ ಮಾಡದು. ಮೂರು ತಿಂಗಳ ಮಾತ್ರೆಯ ದುಡ್ಡು ಕೂಲಿಕಾರರ ಮನೆಗೆ ಸಣ್ಣದಲ್ಲ. ಪರೀಕ್ಷೆ ಮಾಡದೆ ಮಾತ್ರೆ ಬರೆದುಕೊಡುವುದು ಸರಿಯಲ್ಲ ಎಂದು ಇಲ್ಲಿ ಸ್ಪಷ್ಟವಾಗಿಯೇ ಹೇಳಬೇಕು.

ಭತ್ತದ ಸೀಮೆಗೆ ನೇರವಾಗಿ ಸಂಬಂಧಪಡುವ ಶೋಧ 1970ರದು. ಉಷ್ಣದೇಶಗಳಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದವರ ಕಾಲು ಮತ್ತು ಉಗುರಿನಲ್ಲಿ, ಮರಗಿಡಗಳಿಗೆ ರೋಗ ತರುವ ಒಂದು ಕಪ್ಪು ಬೂಷ್ಟನ್ನು ಜೆಂಟಲ್ಸ್ ಮತ್ತು ಇವಾನ್ಸ್ ಪತ್ತೆ ಮಾಡಿದರು. ಆಗಿನ ಹೆಸರು ಹೆಂಡರ್ಸೊನುಲಾ, ಈಗಿನದು ನಿಯೋಸೈಟಾಲಿಡಿಯಮ್. ನೋಡಲು ಅದು ಥೇಟ್ ಸಾಮಾನ್ಯ ಹುಳಕಡ್ಡಿ ಉಗುರು. ತೊಡಕು ಪ್ರಯೋಗಾಲಯದಲ್ಲಿತ್ತು. ಬೇಡದ ಬೂಷ್ಟು ಬರಬಾರದೆಂದು ಮಾಧ್ಯಮಕ್ಕೆ ಸೈಕ್ಲೋಹೆಕ್ಸಿಮೈಡ್ ಬೆರೆಸುವ ರೂಢಿ 1950ರ ದಶಕದಿಂದ ಬಂದಿತ್ತು. ಆ ರಾಸಾಯನಿಕ ಈ ರೋಗಕಾರಕವನ್ನೂ ಬೆಳೆಯಗೊಡುವುದಿಲ್ಲ. ಹೀಗಾಗಿ ಸೂಕ್ಷ್ಮದರ್ಶಕದಲ್ಲಿ ಎಳೆ ಕಾಣುತ್ತದೆ, ನಳಿಗೆಯಲ್ಲಿ ಏನೂ ಬೆಳೆಯುವುದಿಲ್ಲ, ವೈದ್ಯರು ಗೊಂದಲಕ್ಕೆ ಬೀಳುತ್ತಾರೆ. ಮಣ್ಣಿನಲ್ಲಿ ದುಡಿಯುವವರ ಉಗುರನ್ನು ಆ ರಾಸಾಯನಿಕ ಬೆರೆಸಿದ ಒಂದು ನಳಿಗೆಯಲ್ಲೂ ಬೆರೆಸದ ಇನ್ನೊಂದು ನಳಿಗೆಯಲ್ಲೂ ಬಿತ್ತಬೇಕೆಂಬ ಪಾಠ ಹುಟ್ಟಿದ್ದು ಇಂಥ ಅನುಭವದಿಂದ.

ಇದರ ಮಗ್ಗುಲಿಗೇ ಇನ್ನೊಂದು ಸಮಸ್ಯೆ. ಹೊಲದಿಂದ ಬಂದವರ ಉಗುರಿನಲ್ಲಿ ಆಸ್ಪರ್ಜಿಲಸ್, ಫ್ಯುಸೇರಿಯಮ್ ಮುಂತಾದ ಬೂಷ್ಟುಗಳ ಬೀಜಕಣಗಳು ಧೂಳಿನ ಜೊತೆ ಹೇಗೂ ಇರುತ್ತವೆ. ನಳಿಗೆಯಲ್ಲಿ ಅವು ಬೆಳೆದರೆ ಅವೇ ರೋಗಕಾರಕವೆ, ಬರೀ ಧೂಳೆ? ಬ್ರಿಟನ್ನಿನ ಮೇರಿ ಇಂಗ್ಲಿಷ್ 1976ರಲ್ಲಿ ಇದಕ್ಕೊಂದು ನಿಯಮ ಕೊಟ್ಟರು. ಹುಳಕಡ್ಡಿ ಗುಂಪಿನದು ಬೆಳೆದರೆ ಅದೇ ಕಾರಣ. ಬೇರೆಯದು ಬೆಳೆದರೆ, ಸೂಕ್ಷ್ಮದರ್ಶಕದಲ್ಲಿ ಎಳೆ ಕಂಡಿರಬೇಕು, ಬಿತ್ತಿದ 20 ತುಣುಕುಗಳಲ್ಲಿ ಕನಿಷ್ಠ 5ರಲ್ಲಾದರೂ ಅದೇ ಬೂಷ್ಟು ಎದ್ದಿರಬೇಕು, ಹುಳಕಡ್ಡಿ ಗುಂಪಿನದು ಒಂದೂ ಇರಬಾರದು. ಈ ನಿಯಮವನ್ನು ಇಂದು ಪೂರ್ತಿ ಪಾಲಿಸುವವರು ಕಡಿಮೆ. ಮತ್ತೊಮ್ಮೆ ಮಾದರಿ ತೆಗೆದು ಅದೇ ಬೂಷ್ಟು ಬರುತ್ತದೆಯೇ ನೋಡುವುದು ಹೆಚ್ಚು ರೂಢಿ. ಅದಕ್ಕೂ ಮುನ್ನ, 1972ರಲ್ಲಿ, ನಾರ್ಡೋ ಜಾಯಸ್ ಸೋಂಕು ಒಳನುಗ್ಗುವ ದಾರಿಯನ್ನು ಹಿಡಿದು ನಾಲ್ಕು ಬಗೆ ಮಾಡಿದ್ದ: ಉಗುರಿನ ತುದಿಯ ಅಡಿಯಿಂದ, ಮೇಲ್ಮೈಯಿಂದ, ಬುಡದಿಂದ, ಮತ್ತು ಕ್ಯಾಂಡಿಡಾದಿಂದ. ಮೊದಲನೆಯದೇ ಎಲ್ಲೆಡೆ ಹೆಚ್ಚು.

ಮೇಜಿನ ಮೇಲಿನ ಪರೀಕ್ಷೆ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯುಕ್ತ ಪರೀಕ್ಷೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನದು. ಆಸ್ಪತ್ರೆಯ ಮಾತಿನಲ್ಲಿ ಕೆಒಎಚ್. ಉಗುರನ್ನು ಸ್ಪಿರಿಟ್ಟಿನಿಂದ ಒರೆಸಿ, ಬಿಟ್ಟುಕೊಂಡಿರುವ ಭಾಗವನ್ನು ಕತ್ತರಿಸಿ ಬದಿಗಿಡುತ್ತಾರೆ. ತುದಿಯ ಪುಡಿ ಬೇಡ, ಅದರಲ್ಲಿ ಸತ್ತ ಬೂಷ್ಟು, ಧೂಳು ಹೆಚ್ಚು. ಕೆಟ್ಟ ಭಾಗ ಮುಗಿದು ಒಳ್ಳೆಯ ಉಗುರು ಶುರುವಾಗುವ ಗಡಿಯವರೆಗೆ ಬ್ಲೇಡಿನ ಮೊನೆ ತೂರಿಸಿ, ಅಡಿಯಿಂದ ಕೆರೆದದ್ದನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, 20ರಿಂದ 40 ಶೇಕಡಾ ದ್ರಾವಣದ ಒಂದು ಹನಿ ಬಿಟ್ಟು ಮೇಲೆ ಗಾಜಿನ ಚೂರು ಮುಚ್ಚುತ್ತಾರೆ. ಚರ್ಮದ ಹೊಟ್ಟು ಕೆಲವು ನಿಮಿಷದಲ್ಲಿ ಕರಗುತ್ತದೆ. ಉಗುರಿಗೆ ತಾಸುಗಳು ಬೇಕು, ಗಟ್ಟಿಯಾಗಿದ್ದರೆ ರಾತ್ರಿಯೆಲ್ಲ ಬಿಡಬೇಕು. ಅವಸರದಲ್ಲಿ ನೋಡಿ ಏನೂ ಇಲ್ಲವೆಂದು ಬರೆದ ವರದಿಗಳಲ್ಲಿ ಎಷ್ಟೋ ಇದರಿಂದಲೇ ತಪ್ಪುತ್ತವೆ. ಉಗುರಿನ ಜೀವಕೋಶಗಳು ತಿಳಿಯಾದ ಮೇಲೆ, ಅವುಗಳ ಅಂಚನ್ನು ದಾಟಿ ಹಾಯುವ, ಕವಲೊಡೆದ, ಗಂಟುಗಂಟಾದ ಎಳೆಗಳು ಕಾಣುತ್ತವೆ. ಕೋಶದ ಅಂಚನ್ನೇ ಅನುಸರಿಸಿ ಹೋಗುವ ಗೆರೆ ಬೂಷ್ಟಲ್ಲ. ಎಳೆ ಎದ್ದು ಕಾಣಲೆಂದು ದ್ರಾವಣಕ್ಕೆ ಪೆನ್ನಿನ ನೀಲಿ ಶಾಯಿ ಬೆರೆಸುವ ಕ್ರಮವನ್ನು 1964ರಲ್ಲಿ ಸ್ವಾರ್ಟ್ಜ್ ಮತ್ತು ಲ್ಯಾಮ್ಕಿನ್ಸ್ ಪ್ರಕಟಿಸಿದರು.

ಕೆಒಎಚ್ ಎಳೆ ಇದೆಯೋ ಇಲ್ಲವೋ ಹೇಳುತ್ತದೆ, ಜಾತಿ ಹೇಳುವುದಿಲ್ಲ. ಜಾತಿಗೆ ಕಲ್ಚರು ಬೇಕು: 25ರಿಂದ 30 ಡಿಗ್ರಿಯಲ್ಲಿ ನಾಲ್ಕು ವಾರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಸೀಮೆಯಲ್ಲಿ, ತಂಪು ಕಾಯ್ದುಕೊಳ್ಳುವ ಇನ್‌ಕ್ಯುಬೇಟರ್ ಇಲ್ಲದೆ ಇದು ನಡೆಯದ ಮಾತು. ಕಲ್ಚರು ಹುಸಿಯಾಗಿ ಇಲ್ಲವೆನ್ನುವುದೂ ಹೆಚ್ಚು. ಆದ್ದರಿಂದ ಕತ್ತರಿಸಿದ ಉಗುರನ್ನೇ ಪೆಥಾಲಜಿಗೆ ಕಳಿಸಿ ಬೂಷ್ಟನ್ನು ಎತ್ತಿ ತೋರಿಸುವ ಪಿಎಎಸ್ ಬಣ್ಣ ಹಾಕಿ ನೋಡುವ ಕ್ರಮ ಬೆಳೆಯಿತು. ದೊಡ್ಡ ಊರುಗಳಲ್ಲಿ ಬೂಷ್ಟಿನ ಡಿಎನ್‌ಎ ಗುರುತಿಸುವ ಪಿಸಿಆರ್ ಪರೀಕ್ಷೆ ಬಂದಿದೆ. ಚರ್ಮತಜ್ಞರು ಕೈಯಲ್ಲಿ ಹಿಡಿಯುವ ಡರ್ಮೋಸ್ಕೋಪಿನಲ್ಲಿ, ಬೂಷ್ಟು ಹಿಡಿದ ಉಗುರಿನ ಗಡಿ ಗರಗಸದ ಹಲ್ಲಿನಂತೆ ಕಾಣುತ್ತದೆ, ಪೆಟ್ಟಿನಿಂದ ಬಿಟ್ಟುಕೊಂಡದ್ದರ ಗಡಿ ನೇರ ಇರುತ್ತದೆ.

ಈ ಅನುಕೂಲಗಳು ಈ ಸೀಮೆಗೆ ನಿಧಾನವಾಗಿ ಬಂದವು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆಗೆ ದೊಡ್ಡಾಸ್ಪತ್ರೆ ಎಂದರೆ ಹೈದರಾಬಾದಿನದು. ಬಳ್ಳಾರಿಯಲ್ಲಿ 1961ರಲ್ಲಿ, ಕಲಬುರಗಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜುಗಳಾದವು. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ರಿಮ್ಸ್, ಆರಂಭವಾದದ್ದು 2007ರಲ್ಲಿ.

ಬೂಷ್ಟಲ್ಲದ ಕಾರಣಗಳು

ಈ ಸೀಮೆಯಲ್ಲಿ ಉಗುರು ನೋಡುವ ವೈದ್ಯರು ಮನಸ್ಸಿನಲ್ಲಿಡಬೇಕಾದ ಬೇರೆ ಕಾರಣಗಳು ಹಲವು. ಬುಡದ ಪೊರೆ ಊದಿ, ಉಗುರು ಅಡ್ಡಡ್ಡ ಅಲೆಯಾದರೆ ಅದು ನೀರಿನಲ್ಲಿ ಕೈಯಾಡಿಸುವವರ ದೀರ್ಘಕಾಲದ ಉಗುರುಸುತ್ತು. ಕ್ಯಾಂಡಿಡಾ ಅಲ್ಲಿ ಸಿಗಬಹುದು, ಆದರೆ ಮೂಲ ಕಾರಣ ಒದ್ದೆ. ಹಸಿರಾದರೆ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ. ಗುಂಡುಸೂಜಿಯಿಂದ ಚುಚ್ಚಿದಂಥ ಕುಳಿಗಳಿದ್ದರೆ ಸೋರಿಯಾಸಿಸ್. ಉಗುರು ಕೆಟ್ಟ ಪಾದಕ್ಕೆ ಸ್ಪರ್ಶವೂ ತಿಳಿಯದಿದ್ದರೆ ಕುಷ್ಠವನ್ನೂ ಸಕ್ಕರೆ ಕಾಯಿಲೆಯನ್ನೂ ನೋಡಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ದಪ್ಪ ಉಗುರು ಪಕ್ಕದ ಬೆರಳಿಗೆ ಒತ್ತಿ ಗಾಯ ಮಾಡಿ, ಆ ಗಾಯ ಕಾಲಿಗೇ ಕುತ್ತು ತರಬಲ್ಲದು.

ಇನ್ನೊಂದನ್ನು ಈ ಚಿನ್ನದ ನೆಲದಲ್ಲಿ ಮರೆಯುವಂತಿಲ್ಲ. ಇಲ್ಲಿಯ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ನೆರೆಯ ಯಾದಗಿರಿ ಜಿಲ್ಲೆಯ ಮಂಗಳೂರು ಶಿಲಾಪಟ್ಟಿಯಲ್ಲಿರುವ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ವಿವರವಾಗಿ ದಾಖಲಿಸಿತು. ಆರ್ಸೆನಿಕ್ ಉಗುರಿನಲ್ಲಿ ಬಿಳಿಯ ಅಡ್ಡಗೆರೆ ಮೂಡಿಸುತ್ತದೆ. ಇದಕ್ಕೆ ಮೀಸ್ ಗೆರೆ ಎಂದು ಹೆಸರು. ಮೇಲ್ಮೈಯ ಬಿಳಿ ಬೂಷ್ಟು ಒಂದೆರಡು ಉಗುರಿನಲ್ಲಿ ಮಚ್ಚೆಯಾಗಿ ಇರುತ್ತದೆ, ಕೆರೆದರೆ ಪುಡಿ ಬರುತ್ತದೆ. ಮೀಸ್ ಗೆರೆ ಹಲವು ಉಗುರುಗಳಲ್ಲಿ ಒಂದೇ ಮಟ್ಟದಲ್ಲಿ ಅಡ್ಡಲಾಗಿ ಹಾಯುತ್ತದೆ, ಕೆರೆದರೂ ಹೋಗುವುದಿಲ್ಲ, ಉಗುರು ಬೆಳೆದಂತೆ ತುದಿಯತ್ತ ಸರಿಯುತ್ತದೆ. ಅಂಗೈ ಅಂಗಾಲಿನಲ್ಲಿ ಗಂಟುಗಳೂ ಇದ್ದರೆ ಮುಲಾಮು ಬದಿಗಿಟ್ಟು ಬೋರಿನ ನೀರನ್ನು ಪರೀಕ್ಷೆಗೆ ಕಳಿಸಬೇಕು.

ಇತ್ತೀಚಿನ ವರ್ಷಗಳು

ಕಳೆದ ದಶಕದಲ್ಲಿ ಭಾರತದಾದ್ಯಂತ ಹುಳಕಡ್ಡಿ ಹಟಮಾರಿಯಾಗಿ ಹಬ್ಬಿದೆ. ಸ್ಟೀರಾಯ್ಡ್, ಬೂಷ್ಟುನಾಶಕ, ಪ್ರತಿಜೀವಕಗಳನ್ನು ಒಂದೇ ಟ್ಯೂಬಿನಲ್ಲಿ ಬೆರೆಸಿದ ಮುಲಾಮುಗಳು ಇದಕ್ಕೆ ಕುಮ್ಮಕ್ಕು ಕೊಟ್ಟವೆಂದು ಚರ್ಮತಜ್ಞರು ಒಕ್ಕೊರಲಿನಿಂದ ಹೇಳುತ್ತಾರೆ. ಸ್ಟೀರಾಯ್ಡ್ ತುರಿಕೆಯನ್ನು ತಗ್ಗಿಸಿ ಬೂಷ್ಟನ್ನು ಬೆಳೆಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. 2020ರಲ್ಲಿ ಜಪಾನಿನ ಸಂಶೋಧಕರು, ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳಿಂದ ಪಡೆದ, ಟರ್ಬಿನಾಫಿನ್‌ಗೆ ಬಗ್ಗದ ಬೂಷ್ಟಿಗೆ ಟ್ರೈಕೋಫೈಟಾನ್ ಇಂಡೋಟೈನಿಯೆ ಎಂದು ಹೆಸರಿಟ್ಟರು. ಮೈಮೇಲಿನ ಹುಳಕಡ್ಡಿ ವಾಸಿಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಉಗುರನ್ನೂ ನೋಡಬೇಕು. ಬೂಷ್ಟು ಅಲ್ಲಿ ಅಡಗಿ ಕೂತು ತುರಿಸಿಕೊಳ್ಳುವ ಬೆರಳಿನಿಂದ ಮೈಗೆ ಮರಳುತ್ತದೆ.

ಕೆಒಎಚ್ ಪರೀಕ್ಷೆಗೆ ಬೇಕಾದ ಸೂಕ್ಷ್ಮದರ್ಶಕ, ಕ್ಷಯದ ಕಫ ನೋಡುವ ಸರ್ಕಾರಿ ಪ್ರಯೋಗಾಲಯಗಳಲ್ಲಿ ಆಗಲೇ ಇದೆ. ಬೇಕಾದದ್ದು ಒಂದು ಸೀಸೆ ದ್ರಾವಣ ಮತ್ತು ಎಳೆ ಗುರುತಿಸಲು ಪಳಗಿದ ಕಣ್ಣು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ವಾಡಿಕೆಯ ಪರೀಕ್ಷೆಯಾಗಬೇಕು. ಕಲ್ಚರು ಬೇಕಾದಾಗಲೂ ರೋಗಿಯೇ ರಾಯಚೂರಿಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ. ಹಚ್ಚುವ ಮದ್ದನ್ನು ಒಂದೆರಡು ವಾರ ನಿಲ್ಲಿಸಿ, ಗೋರಂಟಿ ಮತ್ತು ಉಗುರುಬಣ್ಣ ಹಾಕದೆ, ಆಸ್ಪತ್ರೆಯಲ್ಲಿ ಕೆರೆಸಿದ ಉಗುರಿನ ಪುಡಿಯನ್ನು ಒಣ ಕಾಗದದಲ್ಲಿ ಮಡಚಿ ಲಕೋಟೆಯಲ್ಲಿ ಕಳಿಸಿದರೆ ಸಾಕು. ಒಣಗಿದ ಉಗುರಿನೊಳಗೆ ಹುಳಕಡ್ಡಿಯ ಬೂಷ್ಟು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.